ನಾವು ಬರೆದ ಎರಡು ಸಾಲು ಯಾರ ಮನೆಯಲ್ಲಿವೆ?

ಮಾಟುಂಗಾದಲ್ಲಿ ಸೇರಿದ್ದ ಕನ್ನಡ ಗೆಳೆಯರ ಮುಂದೆ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿ ಹೊತ್ತಾಯಿತೆಂದು ಬಿಟ್ಟ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ನಾನಿರುವುದು ಡೊಂಬಿವಲಿಯಲ್ಲಿ, ಕೆಲಸ ಫೋರ್ಟಿನಲ್ಲಿ. ದಿನಕ್ಕೆ ಎರಡೂವರೆ ಗಂಟೆ ಲೋಕಲ್ ಟ್ರೈನಿನಲ್ಲೇ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ನನಗೊಂದು ರೂಢಿಯಾಗಿತ್ತು. ಟ್ರೈನಿನಲ್ಲಿ ಕಂಡದ್ದೋ, ಮನೆಯಲ್ಲಿ ಅಪ್ಪ ಆಡಿದ ಮಾತೋ, ದಿನಕ್ಕೆ ಒಂದೇ ಸಾಲು ಬರೆದು ಹೊರದೇಶದ ಒಂದು ಸಣ್ಣ ಮೈಕ್ರೋಬ್ಲಾಗ್ ಸೇವೆಯಲ್ಲಿ, ಅಂದರೆ ಟ್ವಿಟರಿನ ಹಾಗೆ ಒಂದೆರಡು ಸಾಲು ಬರೆಯುವ ಜಾಗದಲ್ಲಿ, ಹಾಕುತ್ತಿದ್ದೆ. ಓದುವವರು ಹದಿನೈದಿಪ್ಪತ್ತು ಜನ ಇದ್ದರೇನೋ. ಅಷ್ಟೇ ಸಾಕಿತ್ತು.

ಅಪ್ಪ ನಲವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮಾತು ಕಡಿಮೆ. ಆಡಿದರೆ ಬರೆದಿಡಬೇಕು ಅನಿಸುವಂತೆ ಆಡುತ್ತಿದ್ದರು. ಒಮ್ಮೆ ಹೇಳಿದ್ದರು: "ಚಿಲ್ಲರೆ ಎಣಿಸಿಕೊಳ್ಳದೆ ಹೋಗುವ ಗಿರಾಕಿಯ ಮನೆಯಲ್ಲಿ ಏನೋ ಆಗಿದೆ ಅಂತ ತಿಳ್ಕೋ." ಅದನ್ನು ಆ ದಿನವೇ ಕುರ್ಲಾ ದಾಟುವಷ್ಟರಲ್ಲಿ ಟೈಪ್ ಮಾಡಿ ಹಾಕಿದ್ದೆ.

ಆ ಸೇವೆ ಒಂದು ದಿನ ಮುಚ್ಚಿತು. ಮುಚ್ಚುತ್ತೇವೆ, ನಿಮ್ಮ ಬರಹ ತೆಗೆದಿಟ್ಟುಕೊಳ್ಳಿ ಎಂಬ ಮೇಲ್ ನನ್ನ ಹಳೆಯ ಆಫೀಸಿನ ವಿಳಾಸಕ್ಕೆ ಬಂದಿತ್ತಂತೆ. ಆ ಕೆಲಸ ನಾನು ಆಗಲೇ ಬಿಟ್ಟಿದ್ದೆ. ನನಗೆ ಗೊತ್ತಾದಾಗ ಪುಟವೇ ಇರಲಿಲ್ಲ. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. ಕೆಲವು ನೂರು ಸಾಲುಗಳಲ್ಲಿ ಈಗ ನನಗೆ ನೆನಪಿರುವುದು ಹತ್ತೋ ಹನ್ನೆರಡೋ.

ಆಮೇಲೆ ನಾನು ಈ ಸೇವೆಗಳ ಬಗ್ಗೆ ಬೇರೆ ರೀತಿ ನೋಡಲು ಶುರುಮಾಡಿದೆ. ಯಾವುದು ಚೆಂದ, ಯಾವುದರಲ್ಲಿ ಜನ ಜಾಸ್ತಿ ಅನ್ನುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿಂದ ಹೊರಡುವ ದಿನ ಬಂದರೆ ನನ್ನ ಗಂಟುಮೂಟೆ ಕಟ್ಟಿಕೊಂಡು ಹೋಗಬಹುದಾ? ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವುದು ನಮಗೇನೂ ಹೊಸದಲ್ಲ. ಚುಟುಕ ಬರೆದ ದಿನಕರ ದೇಸಾಯಿಯವರು ಇದೇ ಮುಂಬೈಯಲ್ಲಿದ್ದು ಹಡಗಿನ ಕೆಲಸಗಾರರ ನಡುವೆ ಓಡಾಡಿದವರು. ಅವರ ಕೈಯಲ್ಲಿ ಮೊಬೈಲ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಟ್ವಿಟರ್ ಬಂದದ್ದು 2006ರಲ್ಲಿ. ಅದರ 140 ಅಕ್ಷರದ ಮಿತಿ ಎಲ್ಲಿಂದ ಬಂತು ಗೊತ್ತಾ? ಎಸ್ಸೆಮ್ಮೆಸ್ಸಿನಿಂದ. ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಅದರಲ್ಲಿ 20 ಬರೆದವರ ಹೆಸರಿಗೆ, ಉಳಿದ 140 ಮಾತಿಗೆ. ಆದರೆ ಈ 160 ಇರುವುದು ಇಂಗ್ಲಿಷಿನಂಥ ಲಿಪಿಗೆ. ಅದೇ ಎಸ್ಸೆಮ್ಮೆಸ್ಸನ್ನು ಕನ್ನಡದಲ್ಲಿ ಬರೆದರೆ ಸಿಗುವುದು 70 ಮಾತ್ರ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇರುವುದು ಒಟ್ಟು 140 ಬೈಟಿನ ಜಾಗ, ಒಂದು ಬೈಟಿಗೆ ಎಂಟು ಬಿಟ್. ಇಂಗ್ಲಿಷಿನ ಒಂದು ಅಕ್ಷರ ಅದರಲ್ಲಿ ಏಳು ಬಿಟ್ ತಿಂದರೆ ನಮ್ಮದು ಹದಿನಾರು ಬಿಟ್ ತಿನ್ನುತ್ತದೆ. ಶುರುವಿನಿಂದಲೇ ನಮಗೆ ಅರ್ಧಕ್ಕೂ ಕಡಿಮೆ ಜಾಗ.

ಟ್ವಿಟರ್ ಬಂದ ಮರುವರ್ಷ, 2007ರಲ್ಲಿ, ನಮ್ಮಲ್ಲೇ ಎಸ್ಸೆಮ್ಮೆಸ್ ಗಪ್‌ಶಪ್ ಶುರುವಾಯಿತು. ನಿಮ್ಮಲ್ಲಿ ಕೆಲವರು ಬಳಸಿರಬೇಕು. ಐಐಟಿ ಮುಂಬೈಯಲ್ಲಿ ಓದಿದ ಬೀರುದ್ ಶೇಠ್ ಅದರ ಹಿಂದಿದ್ದವರು. ಒಂದು ಗುಂಪು ಮಾಡಿ ಒಂದು ಮೆಸೇಜ್ ಕಳಿಸಿದರೆ ಅದು ಗುಂಪಿನ ಎಲ್ಲರ ಫೋನಿಗೂ ಹೋಗುತ್ತಿತ್ತು. ಗುಂಪಿಗೆಲ್ಲ ಹಂಚುವ ಖರ್ಚು ಕಳಿಸುವವರದಲ್ಲ, ಮೆಸೇಜಿನ ತುದಿಯಲ್ಲಿ ಒಂದು ಜಾಹೀರಾತು ಇರುತ್ತಿತ್ತು. ಇಂಟರ್ನೆಟ್ಟೇ ಬೇಕಿರಲಿಲ್ಲ. ಬಟನ್ ಒತ್ತುವ ಸಾದಾ ಫೋನ್ ಸಾಕು. ಸ್ಮಾರ್ಟ್‌ಫೋನ್ ಕಾಣದ ಊರುಗಳಲ್ಲಿ ಕ್ರಿಕೆಟ್ ಸ್ಕೋರು, ಶಾಯರಿ, ಧಾನ್ಯದ ಬೆಲೆ ಎಲ್ಲ ಹೀಗೆ ಓಡಾಡಿದವು. ಆಮೇಲೆ 2011ರಲ್ಲಿ ದೂರಸಂಪರ್ಕ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ಸಿಮ್‌ನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಎಂಬ ಮಿತಿ ತಂದಿತು, ಸ್ವಲ್ಪ ದಿನಕ್ಕೆ ಅದನ್ನು 200 ಮಾಡಿತು. ಕಾಟ ಕೊಡುವ ಜಾಹೀರಾತು ಮೆಸೇಜುಗಳನ್ನು ತಡೆಯಲು ತಂದ ನಿಯಮಗಳ ಕಾಲ ಅದು. ಎಸ್ಸೆಮ್ಮೆಸ್ಸನ್ನೇ ನಂಬಿದ್ದ ವ್ಯವಹಾರ ಕಷ್ಟವಾಯಿತು. ಕಂಪನಿ ಇವತ್ತೂ ಇದೆ, ಆದರೆ ಬ್ಯಾಂಕು ಅಂಗಡಿಗಳ ಮೆಸೇಜಿನ ಕೆಲಸಕ್ಕೆ ತಿರುಗಿಕೊಂಡಿದೆ. ಜಗತ್ತಿನ ಮೈಕ್ರೋಬ್ಲಾಗಿನ ಕತೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಬೇಸರ. ಬಡವರ ಫೋನಿನಲ್ಲಿ ನಡೆದ ಪ್ರಯೋಗ ಅದು, ಜಾಸ್ತಿ ಗೌರವ ಸಿಗಬೇಕು.

ಫಿನ್ಲೆಂಡಿನಲ್ಲಿ ಜೈಕು ಅಂತ ಒಂದಿತ್ತು. ಹೆಸರು ಜಪಾನಿನ ಹೈಕುವಿನ ನೆರಳಿನಲ್ಲಿ ಹುಟ್ಟಿದ್ದು. ಟ್ವಿಟರಿನ ಓರಗೆಯದೇ. ಗೂಗಲ್ 2007ರಲ್ಲಿ ಅದನ್ನು ಕೊಂಡುಕೊಂಡಿತು, 2012ರ ಜನವರಿಯಲ್ಲಿ ಮುಚ್ಚಿತು. ಪ್ಲರ್ಕ್ 2008ರದ್ದು. ಪೋಸ್ಟುಗಳನ್ನು ಮೇಲಿಂದ ಕೆಳಗೆ ಜೋಡಿಸುವ ಬದಲು ಹೂವಿನ ಮಾಲೆಯ ಹಾಗೆ ಅಡ್ಡಡ್ಡಕ್ಕೆ ಪೋಣಿಸುತ್ತದೆ. ತೈವಾನಿನವರು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ ಬೇರೆ ಕಡೆ ಜನ ಮರೆತ ಮೇಲೂ ಅಲ್ಲಿ ಅದು ಬದುಕಿದೆ. ಕೊರಿಯಾದ ಮಿಟುಡೇ 2014ರಲ್ಲಿ ನಿಂತುಹೋಯಿತು.

ಚೀನಾದ ಕತೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಅಲ್ಲಿ 2007ರಲ್ಲಿ ವಾಂಗ್ ಶಿಂಗ್ ಎಂಬವರು ಫಾನ್‌ಫೌ ಶುರುಮಾಡಿದರು. ಆ ಹೆಸರಿನ ಅರ್ಥ "ಊಟ ಆಯ್ತಾ?" ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ನಾವು ಫೋನ್ ಎತ್ತಿದ ಕೂಡಲೇ ಕೇಳುವುದೂ ಅದನ್ನೇ ಅಲ್ವಾ? ಎಲ್ಲಿದ್ದೀರಿ, ಏನು ವಿಶೇಷ ಅನ್ನುವ ಮೊದಲು ಊಟ ಆಯ್ತಾ. ಒಂದು ಸಾಲಿನ ಹರಟೆಗೆ ಇದಕ್ಕಿಂತ ಒಳ್ಳೆಯ ಹೆಸರು ಯಾರಿಗೂ ಹೊಳೆದಿಲ್ಲ ಅಂತ ನನ್ನ ಅನಿಸಿಕೆ. ಆದರೆ 2009ರ ಜುಲೈಯಲ್ಲಿ ಶಿಂಜಿಯಾಂಗ್ ಪ್ರಾಂತ್ಯದ ಉರುಮ್ಚಿಯಲ್ಲಿ ಗಲಭೆಯಾದ ಮೇಲೆ ಫಾನ್‌ಫೌ ಬಂದ್ ಆಯಿತು. ಟ್ವಿಟರಿಗೂ ಅಲ್ಲಿ ತಡೆ ಬಿತ್ತು. ಮರುತಿಂಗಳೇ, ಆಗಸ್ಟಿನಲ್ಲಿ, ಸಿನಾ ಕಂಪನಿಯ ವೈಬೋ ಬಂತು. ವೈಬೋ ಅಂದರೆ ಕಿರುಬ್ಲಾಗ್ ಅಂತಲೇ ಅರ್ಥ. ಖಾಲಿಯಾದ ಜಾಗದಲ್ಲಿ ಅದು ಬೆಳೆಯಿತು. ಫಾನ್‌ಫೌ ಮತ್ತೆ ತೆರೆಯುವ ಹೊತ್ತಿಗೆ 2010ರ ನವೆಂಬರ್. ಜನ ಹೋಗಿಯಾಗಿತ್ತು.

ವೈಬೋದಲ್ಲೂ 140 ಅಕ್ಷರದ ಮಿತಿಯೇ ಇತ್ತು. ಆದರೆ ಚೀನೀ ಲಿಪಿಯಲ್ಲಿ ಒಂದೊಂದು ಅಕ್ಷರವೂ ಹೆಚ್ಚುಕಡಿಮೆ ಒಂದು ಪದದಷ್ಟು. 140ರಲ್ಲಿ ಒಂದು ಪ್ಯಾರಾ ಬರೆಯಬಹುದು. 2011ರ ಜುಲೈ 23ರಂದು ವೆಂಝೌ ಹತ್ತಿರ ಎರಡು ಹೈಸ್ಪೀಡ್ ರೈಲುಗಳು ಡಿಕ್ಕಿಯಾಗಿ 40 ಜನ ತೀರಿಕೊಂಡರು. ಬೋಗಿಯೊಳಗೆ ಸಿಕ್ಕಿಹಾಕಿಕೊಂಡವರು ಸಹಾಯ ಕೇಳಿದ್ದು ವೈಬೋದಲ್ಲಿ. ಆಮೇಲೆ ಹೊಣೆ ಯಾರದು ಎಂದು ಲಕ್ಷಗಟ್ಟಲೆ ಜನ ಕೇಳಿದ್ದೂ ಅಲ್ಲೇ. ದಿನಾ ಲೋಕಲಿನ ಬಾಗಿಲಲ್ಲಿ ನೇತಾಡುವ ನಮಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ನಿಜವಾದ ಹೆಸರು ಕೊಟ್ಟೇ ನೋಂದಾಯಿಸಬೇಕು ಎಂಬ ನಿಯಮ ಬಂತು. ಮನೆ ದೊಡ್ಡದಾಯಿತು, ಮಾತು ಹಿಡಿತಕ್ಕೆ ಬಂತು.

ಈಗ ನಮ್ಮ ಅಕ್ಷರದ ಲೆಕ್ಕ. ಇದನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ, ಇಲ್ಲಿ ಮಾತಿನಲ್ಲೇ ಹೇಳುತ್ತೇನೆ.

"ಕನ್ನಡ" ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಮೂರು ಅನ್ನುತ್ತದೆ. ಕ, ನ್ನ, ಡ. ಟ್ವಿಟರ್ ಎಣಿಸಿದರೆ ಐದು. ಕ, ನ, ಸ್ವರ ಇಲ್ಲವೆಂದು ತೋರಿಸುವ ಒಂದು ಹಲಂತದ ಗುರುತು, ಮತ್ತೆ ನ, ಆಮೇಲೆ ಡ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಯುನಿಕೋಡ್ ಎಂಬ ಕ್ರಮದಲ್ಲಿ ಒತ್ತಕ್ಷರ ಅಂತ ಬೇರೆ ಇಲ್ಲ. ಅಕ್ಷರ, ಹಲಂತ, ಅಕ್ಷರ ಎಂದು ಸಾಲಾಗಿ ಇಟ್ಟಿರುತ್ತಾರೆ. ಅದನ್ನು ಕೆಳಗೆ ಒತ್ತಾಗಿ ಬರೆದು ತೋರಿಸುವುದು ಫಾಂಟಿನ ಕೆಲಸ. "ಸ್ತ್ರೀ" ತೆಗೆದುಕೊಳ್ಳಿ. ಕಣ್ಣಿಗೆ ಒಂದೇ ಅಕ್ಷರ. ಟ್ವಿಟರಿಗೆ ಆರು. ಸ, ಹಲಂತ, ತ, ಹಲಂತ, ರ, ಈಕಾರದ ಗುರುತು. "ಲಕ್ಷ್ಮಿ" ನಮಗೆ ಎರಡು, ಅದಕ್ಕೆ ಏಳು.

2017ರಲ್ಲಿ ಟ್ವಿಟರ್ ಮಿತಿಯನ್ನು 280ಕ್ಕೆ ಏರಿಸಿತು. ಚೀನೀ, ಜಪಾನೀ, ಕೊರಿಯನ್ನರಿಗೆ 140 ಹಾಗೇ ಉಳಿಯಿತು, ಏಕೆಂದರೆ ಅವರ ಲಿಪಿಯಲ್ಲಿ ಕಡಿಮೆ ಜಾಗದಲ್ಲಿ ಜಾಸ್ತಿ ಹಿಡಿಯುತ್ತದೆ. ನಮಗೆ 280 ಸಿಕ್ಕಿತು. ಆಗಲೇ ನಾನು ಮೊದಲ ಸಲ ಕನ್ನಡದಲ್ಲಿ ಒಂದು ವಾಕ್ಯವನ್ನು ಕತ್ತರಿಸದೆ ಪೂರ್ತಿ ಬರೆದದ್ದು. ಟ್ವಿಟರಿನಂಥದೇ ಇನ್ನೊಂದು ಸೇವೆ ಬ್ಲೂಸ್ಕೈ ಇನ್ನೂ ಸ್ವಲ್ಪ ನಮ್ಮ ಕಡೆಗೆ ಬಂದಿದೆ. ಅಲ್ಲಿ ಮಿತಿ 300, ಅದೂ ಒಂದೊಂದು ಗುರುತನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ. ಅಕ್ಷರವನ್ನೂ ಅದಕ್ಕೆ ಅಂಟಿಕೊಂಡ ಗುರುತನ್ನೂ ಸೇರಿಸಿ ಒಂದು ಅಂತ ಎಣಿಸುತ್ತದೆ. ಅಲ್ಲಿ "ಕನ್ನಡ" ನಾಲ್ಕು. ಮೂರಕ್ಕೆ ಇನ್ನೂ ಬಂದಿಲ್ಲ, ಆದರೂ ಐದಕ್ಕಿಂತ ವಾಸಿ. ಯಂತ್ರ ನಮ್ಮ ಭಾಷೆಯನ್ನು ಹೇಗೆ ಎಣಿಸಬೇಕು ಎಂದು ತೀರ್ಮಾನಿಸುವ ಕೋಣೆಯಲ್ಲಿ ಕನ್ನಡ ಓದಲು ಬರುವವರು ಇರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಅಂಥ ಒಂದು ಕೋಣೆ ಬೆಂಗಳೂರಿನಲ್ಲಿ ಇತ್ತು. ಕೂ ಎಂಬ ಮೈಕ್ರೋಬ್ಲಾಗ್ ಆ್ಯಪ್. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ 2020ರಲ್ಲಿ ತಂದರು. ಹಳದಿ ಹಕ್ಕಿ, 400 ಅಕ್ಷರ. ಮೊದಲು ಬಂದದ್ದು ಕನ್ನಡದಲ್ಲಿ, ಆಮೇಲೆ ಉಳಿದ ಭಾಷೆಗಳು. ಕನ್ನಡದಲ್ಲಿ ತೆರೆದರೆ ಬಟನ್ನಿನಿಂದ ಹಿಡಿದು ಎಲ್ಲವೂ ಕನ್ನಡ, ಕಾಣುವ ಪೋಸ್ಟುಗಳೂ ಕನ್ನಡ. ಇಂಗ್ಲಿಷ್ ಬಾರದ ಮನುಷ್ಯ ಅಲ್ಲಿ ಮೂಲೆಯಲ್ಲಿ ನಿಲ್ಲಬೇಕಾಗಿರಲಿಲ್ಲ. ನೈಜೀರಿಯಾ 2021ರ ಜೂನಿನಲ್ಲಿ ಟ್ವಿಟರಿಗೆ ತಡೆ ಹಾಕಿದಾಗ ಅಲ್ಲಿನ ಸರ್ಕಾರವೇ ಕೂನಲ್ಲಿ ಅಕೌಂಟ್ ತೆರೆಯಿತು. 2022ರ ಕೊನೆಗೆ ಬ್ರೆಜಿಲಿನವರು ಮುಗಿಬಿದ್ದರು. ಏರಿದ ಕಾಲದಲ್ಲಿ ದಿನಕ್ಕೆ 21 ಲಕ್ಷ ಜನ ಬಳಸುತ್ತಿದ್ದರು ಎಂದು ಅದನ್ನು ಕಟ್ಟಿದವರೇ ಬರೆದಿದ್ದಾರೆ. ಆದರೆ ಹಣ ಹೂಡುವವರು ಹಿಂದೆ ಸರಿದರು. ಇನ್ನೊಂದು ಕಂಪನಿಯ ಜೊತೆ ಸೇರಿಸುವ ಮಾತುಕತೆಯೂ ಮುರಿದುಬಿತ್ತು. 2024ರ ಜುಲೈ 3ರಂದು ಮುಚ್ಚುತ್ತೇವೆ ಎಂದು ತಿಳಿಸಿದರು.

ಕೂ ಸೋತಿತು ಅಂತ ಕೈ ತೊಳೆದುಕೊಳ್ಳುವವರ ಜೊತೆ ನಾನಿಲ್ಲ. ಕನ್ನಡವನ್ನು ಮೊದಲು ಇಟ್ಟು ಇಷ್ಟು ದೊಡ್ಡದಾಗಿ ಯಾರು ಯೋಚಿಸಿದ್ದರು ಹೇಳಿ? ಆದರೆ ಅದು ಒಂದೇ ಕಂಪನಿಯ ಒಂದೇ ಕಟ್ಟಡ. ಕಟ್ಟಡದ ದೀಪ ಆರಿದರೆ ಎಲ್ಲ ಮನೆಗೂ ಕತ್ತಲೆ. ಟ್ವಿಟರಿನದೂ ಅದೇ ಸಂಗತಿ. 2022ರ ಅಕ್ಟೋಬರಿನಲ್ಲಿ 4,400 ಕೋಟಿ ಡಾಲರಿಗೆ ಮಾಲೀಕ ಬದಲಾದ, ಮರುವರ್ಷ ಹೆಸರೇ ಎಕ್ಸ್ ಎಂದಾಯಿತು. ಒಳಗಿದ್ದವರನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಬೇರೆ ದಾರಿ ಏನು? ಇಲ್ಲಿ ಮುಂಬೈನವರಿಗೆ ಅರ್ಥ ಮಾಡಿಸುವುದು ಸುಲಭ. ನಮಗೆಲ್ಲ ಹೌಸಿಂಗ್ ಸೊಸೈಟಿ ಗೊತ್ತು. ಒಂದೊಂದು ಸೊಸೈಟಿಗೂ ಅದರದೇ ಸೆಕ್ರೆಟರಿ, ಅದರದೇ ನಿಯಮ, ಅದರದೇ ಮೆಂಟೆನೆನ್ಸ್. ಒಂದರಲ್ಲಿ ನಾಯಿ ಸಾಕಬಹುದು, ಪಕ್ಕದ್ದರಲ್ಲಿ ಆಗದು. ಆದರೆ ಪೋಸ್ಟ್‌ಮ್ಯಾನ್ ಎಲ್ಲ ಸೊಸೈಟಿಗೂ ಕಾಗದ ತಂದುಕೊಡುತ್ತಾನೆ. ಘಾಟ್ಕೋಪರಿನ ಸೊಸೈಟಿಯಿಂದ ಬೊರಿವಲಿಯ ಸೊಸೈಟಿಗೆ ಬರೆಯಲು ನಾವು ಬೊರಿವಲಿಗೆ ಮನೆ ಬದಲಿಸಬೇಕಾಗಿಲ್ಲ.

ಮಾಸ್ಟೊಡಾನ್ ಎಂಬ ಮೈಕ್ರೋಬ್ಲಾಗ್ ಜಾಲ ಹೀಗೇ ನಡೆಯುವುದು. ಅಲ್ಲಿ ಒಂದೊಂದು ಸರ್ವರ್, ಅಂದರೆ ಬರಹಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್, ಒಂದೊಂದು ಸೊಸೈಟಿ ಇದ್ದ ಹಾಗೆ. ಇದರ ಬೇರು ಕೆನಡಾದ ಮಾಂಟ್ರಿಯಲ್ಲಿನಲ್ಲಿದೆ. ಅಲ್ಲಿ ಇವಾನ್ ಪ್ರೊಡ್ರೊಮೊ 2008ರಲ್ಲಿ ಐಡೆಂಟಿಕಾ ಎಂಬ ಸೇವೆ ಕಟ್ಟಿದರು. ಅದರ ಸಾಫ್ಟ್‌ವೇರನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಸರ್ವರಿನಲ್ಲಿ ನಡೆಸಬಹುದಿತ್ತು, ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದಿತ್ತು. ಜರ್ಮನಿಯ ಹುಡುಗ ಓಯ್ಗೆನ್ ರೋಖ್ಕೊ 2016ರಲ್ಲಿ ಅದೇ ವಿಚಾರದ ಮೇಲೆ ಮಾಸ್ಟೊಡಾನ್ ಬರೆದರು. ಸರ್ವರುಗಳ ನಡುವೆ ಕಾಗದ ಓಡಾಡುವ ನಿಯಮಕ್ಕೆ ಆ್ಯಕ್ಟಿವಿಟಿಪಬ್ ಎಂದು ಹೆಸರು. ವೆಬ್ಬಿನ ನಿಯಮಗಳನ್ನು ಮಾಡುವ ಡಬ್ಲ್ಯೂ3ಸಿ 2018ರ ಜನವರಿಯಲ್ಲಿ ಅದನ್ನು ಒಪ್ಪಿತು. ಅಲ್ಲಿ ನಮ್ಮ ವಿಳಾಸ ಈಮೇಲಿನ ಹಾಗೆ. ನಮ್ಮ ಹೆಸರು, ಜೊತೆಗೆ ಸರ್ವರಿನ ಹೆಸರು. ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರ. ಜಾಹೀರಾತು ಇಲ್ಲ. ಏನು ತೋರಿಸಬೇಕೆಂದು ತೀರ್ಮಾನಿಸುವ ಯಂತ್ರವೂ ಇಲ್ಲ, ನೀವು ಫಾಲೋ ಮಾಡಿದವರದು ಬರೆದ ಕ್ರಮದಲ್ಲೇ ಬರುತ್ತದೆ.

ಭಾರತದವರು ದೊಡ್ಡ ಗುಂಪಾಗಿ ಅಲ್ಲಿಗೆ ಹೋದದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಅಕೌಂಟನ್ನು ಟ್ವಿಟರ್ ತಡೆಹಿಡಿದಾಗ ಬಹಳ ಜನ ಬೇಸತ್ತು ಹೊರಟರು. ನಾನೂ ಆಗಲೇ ಹೋದವನು. ಒಂದು ತಿಂಗಳಲ್ಲಿ ಮುಕ್ಕಾಲುಪಾಲು ಜನ ವಾಪಸ್ ಹೋದಂತೆ ನನ್ನ ಕಣ್ಣಿಗೆ ಕಂಡಿತು. ಪರಿಚಯದವರಿಲ್ಲ, ಕನ್ನಡದವರಿಲ್ಲ, ಯಾವ ಸರ್ವರ್ ಆರಿಸಬೇಕೆಂದೇ ತಿಳಿಯಲಿಲ್ಲ. 2022ರಲ್ಲಿ ಟ್ವಿಟರ್ ಕೈ ಬದಲಾದಾಗ ಮತ್ತೊಂದು ಅಲೆ ಬಂತು. ಎರಡು ತಿಂಗಳಲ್ಲಿ ತಿಂಗಳ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಆ ಅಲೆಯೂ ಇಳಿಯಿತು, ಆದರೆ ಈ ಸಲ ತುಂಬಾ ಜನ ಉಳಿದುಕೊಂಡರು.

ಜಪಾನಿನವರು ಇದನ್ನು ತಮ್ಮದೇ ಮಾಡಿಕೊಂಡ ರೀತಿ ನೋಡಿ ಕಲಿಯಬೇಕು. ಚಿತ್ರ ಬರೆಯುವವರ ತಾಣ ಪಿಕ್ಸಿವ್ 2017ರಲ್ಲಿ ತನ್ನದೇ ಮಾಸ್ಟೊಡಾನ್ ಸರ್ವರ್ ತೆರೆಯಿತು. ಜಪಾನಿನಲ್ಲೇ ಹುಟ್ಟಿದ ಮಿಸ್ಕೀ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಪ್ರತಿ ಸರ್ವರಿನವರೂ ತಮ್ಮದೇ ಸಣ್ಣ ಚಿತ್ರಗಳನ್ನು ಮಾಡಿ ಪೋಸ್ಟಿಗೆ ಅಂಟಿಸಬಹುದು. ಯೋಚಿಸಿ, ನಮ್ಮ ಸರ್ವರಿನಲ್ಲಿ ಒಂದು ಒಳ್ಳೆಯ ಸಾಲಿಗೆ ಮೆಚ್ಚುಗೆಯಾಗಿ ಬಿಸಿ ಬಿಸಿ ಗೋಳಿಬಜೆ ಇಡುವ ಹಾಗಿದ್ದರೆ!

ಕೊರತೆಗಳನ್ನೂ ಹೇಳಬೇಕು. ಸೊಸೈಟಿ ಅಂದಮೇಲೆ ಸೆಕ್ರೆಟರಿ ದಣಿಯುತ್ತಾರೆ. ಒಬ್ಬರೇ ತಮ್ಮ ಕೈಯಿಂದ ನಡೆಸುವ ಎಷ್ಟೋ ಸರ್ವರುಗಳು ನಿಂತುಹೋಗಿವೆ. ಮಾಸ್ಟೊಡಾನಿನಲ್ಲಿ ಸರ್ವರ್ ಬದಲಿಸಿದರೆ ನಮ್ಮನ್ನು ಫಾಲೋ ಮಾಡುವವರು ಜೊತೆಗೆ ಬರುತ್ತಾರೆ, ಆದರೆ ಹಳೆಯ ಪೋಸ್ಟುಗಳು ಹಳೆಯ ಸರ್ವರಿನಲ್ಲೇ ಉಳಿಯುತ್ತವೆ. ಅವುಗಳ ಪ್ರತಿಯನ್ನು ಇಳಿಸಿಕೊಳ್ಳಬಹುದು, ಹೊಸ ಮನೆಯ ಗೋಡೆಗೆ ಮತ್ತೆ ನೇತುಹಾಕಲು ಆಗುವುದಿಲ್ಲ. ಹಳೆಯದನ್ನು ಕಳೆದುಕೊಂಡ ನನಗೆ ಇದು ಸಣ್ಣ ವಿಷಯವಲ್ಲ.

ಬ್ಲೂಸ್ಕೈ ಕಟ್ಟಿದವರು ಹಿಡಿದದ್ದು ಈ ತುದಿಯನ್ನೇ. ಟ್ವಿಟರಿನ ಒಳಗೆ 2019ರಲ್ಲಿ ಒಂದು ಯೋಜನೆಯಾಗಿ ಹುಟ್ಟಿ, ಆಮೇಲೆ ಬೇರೆಯಾಗಿ, 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆಯಿತು. ನಾವು ಬರೆದದ್ದೆಲ್ಲ ಅಲ್ಲಿ ಒಂದು ಪೆಟ್ಟಿಗೆಯ ಹಾಗೆ ಒಟ್ಟಿಗೆ ಇರುತ್ತದೆ. ಪೆಟ್ಟಿಗೆ ಸಮೇತ ಬೇರೆ ಸರ್ವರಿಗೆ ಹೋಗುವಂತೆ ಅದನ್ನು ರೂಪಿಸಿದ್ದಾರೆ. ನಮ್ಮದೇ ಡೊಮೇನ್, ಅಂದರೆ ಸ್ವಂತ ವೆಬ್ ವಿಳಾಸ, ಇದ್ದರೆ ಅದೇ ನಮ್ಮ ಹೆಸರಾಗುತ್ತದೆ, ಯಾವ ಸರ್ವರಿಗೆ ಹೋದರೂ ಬದಲಾಗುವುದಿಲ್ಲ. 2024ರ ಆಗಸ್ಟ್ ಕೊನೆಗೆ ಬ್ರೆಜಿಲಿನ ನ್ಯಾಯಾಲಯ ಎಕ್ಸ್ ಅನ್ನು ತಡೆದಾಗ ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿಗೆ ಬಂದರು. ಹೆಚ್ಚಿನವರ ಪೆಟ್ಟಿಗೆ ಇರುವುದು ಮಾತ್ರ ಇನ್ನೂ ಆ ಒಂದೇ ಕಂಪನಿಯ ಸರ್ವರುಗಳಲ್ಲಿ. ಬಾಗಿಲು ಇದೆ, ಹೊರಗೆ ಹೋದವರು ಕಡಿಮೆ.

ಫೇಸ್‌ಬುಕ್ಕಿನ ಕಂಪನಿ ಮೆಟಾದ ಥ್ರೆಡ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2023ರ ಜುಲೈಯಲ್ಲಿ ಬಂದು ಐದೇ ದಿನದಲ್ಲಿ 10 ಕೋಟಿ ಜನ ಸೇರಿದರು, ಇನ್‌ಸ್ಟಾಗ್ರಾಮಿನ ಅಕೌಂಟಿನಿಂದಲೇ ಒಳಗೆ ಹೋಗಬಹುದಿತ್ತಲ್ಲ. ಅದೂ ಆ್ಯಕ್ಟಿವಿಟಿಪಬ್ ಕಡೆಗೆ ಒಂದು ಕಿಟಕಿ ತೆರೆದಿದೆ ಎಂಬುದು ಒಳ್ಳೆಯ ಸಂಗತಿ.

ಮಾತು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯಮ್ಮ ಕೇಳಿದರು: "ಇಷ್ಟೆಲ್ಲ ಯಾಕಪ್ಪಾ, ನಮ್ಮ ವಾಟ್ಸಾಪ್ ಗ್ರೂಪ್ ಇದೆಯಲ್ಲ?"

ಅಮ್ಮಾ, ಗ್ರೂಪಿನಲ್ಲಿ ನೀವು ಹಾಕಿದ ಒಳ್ಳೆಯ ಮಾತು ಆ ಗ್ರೂಪಿನ ಇನ್ನೂರು ಜನಕ್ಕೆ ಮಾತ್ರ. ನಾಳೆ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಅದು ಮುಚ್ಚಿಹೋಗುತ್ತದೆ. ಹುಬ್ಬಳ್ಳಿಯಲ್ಲೋ ದುಬೈಯಲ್ಲೋ ಇರುವ, ನಿಮಗೆ ಪರಿಚಯವೇ ಇಲ್ಲದ ಒಬ್ಬ ಹುಡುಗಿ ಅದನ್ನು ಓದುವ ದಾರಿಯೇ ಇಲ್ಲ. ತೆರೆದ ಜಾಗದಲ್ಲಿ ಬರೆದರೆ ಅದಕ್ಕೊಂದು ವಿಳಾಸ ಸಿಗುತ್ತದೆ. ಐದು ವರ್ಷ ಬಿಟ್ಟು ಹುಡುಕಿದರೂ ಸಿಗಬೇಕು, ಅಲ್ವಾ?

ಅವರು "ಹೌದು, ನನ್ನ ಅತ್ತೆ ಹೇಳುತ್ತಿದ್ದ ಗಾದೆಗಳನ್ನು ಬರೆದು ಹಾಕಿದ್ದೆ, ಈಗ ಹುಡುಕಿದರೆ ಸಿಗುವುದಿಲ್ಲ" ಅಂದರು. ನನಗೆ ಗಂಟಲು ಕಟ್ಟಿತು.

ಅದಕ್ಕೇ ಆ ಸಂಜೆ ಒಂದು ತೀರ್ಮಾನ ಮಾಡಿದೆವು. ಮುಂಬೈಯ ಕನ್ನಡಿಗರಿಗಾಗಿ ಒಂದು ಸಣ್ಣ ಮಾಸ್ಟೊಡಾನ್ ಸರ್ವರ್ ತೆರೆಯುತ್ತೇವೆ. ಸಣ್ಣ ಬಳಗಕ್ಕಾದರೆ ತಿಂಗಳಿಗೆ ಒಂದೆರಡು ಸಾವಿರ ರೂಪಾಯಿಯ ಬಾಡಿಗೆ ಸರ್ವರ್ ಸಾಕು. ಹತ್ತು ಜನ ಹಂಚಿಕೊಂಡರೆ ಭಾರವಲ್ಲ. ನೋಡಿಕೊಳ್ಳುವವರು ಒಬ್ಬರಲ್ಲ, ಮೂವರು. ಒಬ್ಬರು ದಣಿದರೆ ಇಬ್ಬರಿರುತ್ತಾರೆ. ಬೈಗುಳ, ಸುಳ್ಳುಸುದ್ದಿ ಬಂದರೆ ಕನ್ನಡ ಓದಲು ಬರುವವರೇ ಓದಿ ತೀರ್ಮಾನಿಸುತ್ತಾರೆ. ತಿಂಗಳ ಕೊನೆಗೆ ಪ್ರತಿಯೊಬ್ಬರೂ ತಮ್ಮ ಬರಹದ ಪ್ರತಿ ಇಳಿಸಿಕೊಳ್ಳಬೇಕು ಎಂಬುದು ನಿಯಮ. ಆ ನಿಯಮಕ್ಕೆ ಹಟ ಹಿಡಿದವನು ನಾನೇ. ಮತ್ತೆ ಮೇಲ್ ವಿಳಾಸ ಆಫೀಸಿನದ್ದು ಬೇಡ, ಸ್ವಂತದ್ದು ಕೊಡಿ.

ಬರುವ ಭಾನುವಾರ ನಾಲ್ಕು ಗಂಟೆಗೆ ಅದೇ ಜಾಗದಲ್ಲಿ ಸೇರುತ್ತೇವೆ. ಫೋನ್ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ, ಕನ್ನಡ ಕೀಬೋರ್ಡ್ ಇಲ್ಲದಿದ್ದರೆ ಅಲ್ಲೇ ಹಾಕಿಕೊಡುತ್ತೇವೆ. ಹಿರಿಯಮ್ಮ ಗಾದೆಗಳನ್ನು ನೆನಪಿನಿಂದ ಮತ್ತೆ ಬರೆದು ತರುತ್ತೇನೆ ಅಂದಿದ್ದಾರೆ. ಮೊದಲ ಪೋಸ್ಟ್ ಅವರದೇ. ಸೆಂಟ್ರಲ್ ಲೈನಿನವರು ಸ್ವಲ್ಪ ಬೇಗ ಹೊರಡಿ, ಭಾನುವಾರ ಮೆಗಾಬ್ಲಾಕ್ ಇರುತ್ತದೆ.